ಹೃದಯ ಕಸಿಗೆ ಮುಂಚೆ ಕೋವಿಡ್ ಲಸಿಕೆಯೋ, ಆಮೇಲೋ?

ಮಗು ಹೃದಯಕ್ಕಾಗಿ ಕಾಯುತ್ತಿದ್ದರೆ, ಡಾಕ್ಟರು ಒಪ್ಪಿದರೆ, ಲಸಿಕೆ ಮುಂಚೆಯೇ ಹಾಕಿಸಿಬಿಡಿ. ಆಗ ರೋಗ ತಡೆಯುವ ಶಕ್ತಿ ಚೆನ್ನಾಗಿರುತ್ತದೆ, ಕಸಿಗೆ 2 ವಾರ ಮೊದಲೇ ಡೋಸ್ ಮುಗಿದಿದ್ದರೆ ಒಳ್ಳೆಯದು. ಕಾಯುವಾಗಲೇ ಕೋವಿಡ್ ಬಂದರೆ ಮೊದಲೇ ದಣಿದ ಹೃದಯಕ್ಕೆ ಇನ್ನಷ್ಟು ಭಾರ, ಅದೇ ಹೊತ್ತಿಗೆ ಹೃದಯ ಸಿಕ್ಕರೂ ಆಪರೇಷನ್ ಮುಂದಕ್ಕೆ ಹೋಗಬಹುದು.

ಕಸಿಯಾದ ಮೇಲೆ ಬೆಳಗ್ಗೆ, ರಾತ್ರಿ ಗಡಿಯಾರ ನೋಡಿಕೊಂಡು ಟ್ಯಾಕ್ರೋಲಿಮಸ್ ಕೊಡಬೇಕು, ಅಲ್ವಾ? ಹೊಸ ಹೃದಯವನ್ನು ದೇಹ ದೂರ ತಳ್ಳದಂತೆ ಕಾಯುವ ಆ ಔಷಧಿಯೇ ಲಸಿಕೆಯ ಬಲವನ್ನೂ ತಗ್ಗಿಸುತ್ತದೆ. ಆಗಲೂ ಹಾಕಿಸಬಹುದು, ಸಾಮಾನ್ಯವಾಗಿ 1ರಿಂದ 3 ತಿಂಗಳು ಬಿಟ್ಟು. ಡೋಸ್ ಜಾಸ್ತಿ ಬೇಕಾಗಬಹುದು. ಸೋಂಕು ಬಂತು ಅಂತ ಸುಮ್ನೆ ಮಾತ್ರೆ ನಿಲ್ಲಿಸಬೇಡಿ. ಪ್ಯಾಕ್ಸ್‌ಲೊವಿಡ್ ಅನ್ನೋ ಕೋವಿಡ್ ಔಷಧಿ ಕೊಟ್ಟರೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಅಪಾಯದ ಮಟ್ಟಕ್ಕೆ ಏರಬಹುದು, ಮೊದಲು ಕಸಿ ತಂಡಕ್ಕೆ ಫೋನ್ ಮಾಡಿ.