ಹಳೇ ಒಮೆಗಾ ಲೇಡಿಮ್ಯಾಟಿಕ್ ವಾಚ್ ಕೊಳ್ಳುವವರೇ, ದಯವಿಟ್ಟು ಇದನ್ನು ಓದಿ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಮನೆಯಲ್ಲಿ ಗಂಡನ ಬಿಟ್ಟು ಯಾರಿಗೂ ಹೇಳಿಲ್ಲ. ಆದರೆ ನಿನ್ನೆ ಕಂಡಿದ್ದು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಚೀಟಿ ಎತ್ತಿದ ದುಡ್ಡು, 68 ಸಾವಿರ ರೂಪಾಯಿ. ಅದರಲ್ಲಿ 1955ರ ಒಮೆಗಾ ಲೇಡಿಮ್ಯಾಟಿಕ್ ಅಂತ ಹೇಳಿದ ಒಂದು ವಾಚ್ ತೆಗೆದುಕೊಂಡೆ. ಹಳೇ ಲೇಡೀಸ್ ವಾಚ್ ಸಂಗ್ರಹಿಸುವವರಿಗೆ ಅದರ ಬೆಲೆ ಗೊತ್ತು. ಅದು ಆಟೋಮ್ಯಾಟಿಕ್. ಕೀ ಕೊಡುವುದೇ ಬೇಡ, ಕೈ ಆಡಿದರೆ ಸಾಕು, ತಾನೇ ಓಡುತ್ತದೆ. ಅಷ್ಟು ಪುಟ್ಟ ವಾಚಿನೊಳಗೆ ರೋಟರ್, ಅಂದರೆ ಕೈ ಆಡಿದಂತೆ ತಿರುಗಿ ತಾನೇ ಕೀ ತುಂಬುವ ಭಾಗ, ಇಡುವುದು ಆ ಕಾಲಕ್ಕೆ ಸಣ್ಣ ಕೆಲಸವಲ್ಲ. 2010ರಲ್ಲಿ ಕಂಪನಿ ಅದೇ ಹೆಸರಲ್ಲಿ ಹೊಸದು ತಂದಿತು, ನನಗೆ ಅದು ಬೇಡವಾಗಿತ್ತು. ಹಳೆಯದೇ ಬೇಕು ಅಂತ ಎರಡು ವರ್ಷ ಹುಡುಕಿದ್ದೆ.

ಮಾರಿದವನು ಮೊದಲ ದಿನದಿಂದ "ಅಕ್ಕಾ, ಅಕ್ಕಾ" ಅಂತಲೇ ಮಾತು. "ಅಕ್ಕಾ, ನಮ್ಮ ಅಜ್ಜಿ ಕಟ್ಟಿದ್ದ ವಾಚು, ಬೇರೆಯವರಿಗೆ ಕೊಡಲು ಮನಸ್ಸಿಲ್ಲ." ಫೋಟೋ ಕಳಿಸಿದ. ಹಿಂದಿನ ಮುಚ್ಚಳ ತೆಗೆದು ಒಳಗಿನ ತಾಮ್ರದ ಬಣ್ಣದ ಮಷೀನ್ ಕೂಡ ತೋರಿಸಿದ. ರೋಟರ್ ಸ್ಪಷ್ಟವಾಗಿ ಕಾಣುತ್ತಿತ್ತು. ಇನ್ನೇನು ಬೇಕು? ಪೂರ್ತಿ ದುಡ್ಡು ಹಾಕಿದೆ. ಪೂರ್ತಿ!

ವಾಚ್ ಬಂತು. ಡಯಲ್ ಮೇಲೆ ಆಟೋಮ್ಯಾಟಿಕ್ ಅಂತಲೂ ಇತ್ತು, ಲೇಡಿಮ್ಯಾಟಿಕ್ ಅಂತಲೂ ಇತ್ತು. ತೆಳ್ಳಗೆ, ಚೆನ್ನಾಗಿತ್ತು. ರೋಟರ್ ಇದ್ದರೆ ವಾಚ್ ಸ್ವಲ್ಪ ದಪ್ಪ ಇರುತ್ತದೆ, ಆ ತೆಳುವನ್ನೇ ನೋಡಿ ಅನುಮಾನ ಪಡಬೇಕಿತ್ತು, ನಾನು ಖುಷಿಪಟ್ಟೆ. ಕಟ್ಟಿಕೊಂಡೆ. ಮಾರನೇ ದಿನ ಬೆಳಗ್ಗೆ ನಿಂತಿತ್ತು.

ಅವನಿಗೆ ಮೆಸೇಜ್ ಹಾಕಿದೆ. "ಹಳೇದಲ್ವಾ ಅಕ್ಕಾ, ಒಂದ್ಸಲ ಕೀ ಕೊಟ್ಟು ಸ್ಟಾರ್ಟ್ ಮಾಡಿ, ಆಮೇಲೆ ಕೈಯಲ್ಲಿ ಚೆನ್ನಾಗಿ ಆಡಿಸಿ" ಅಂದ. ಕೀ ಕೊಟ್ಟೆ, ಓಡಿತು. ಒಂದೂವರೆ ದಿನ ಓಡಿ ಮತ್ತೆ ನಿಂತಿತು. ಮತ್ತೆ ಕೀ, ಮತ್ತೆ ಓಟ. ಹೀಗೇ ಹತ್ತು ದಿನ. ಅಡುಗೆ ಮಾಡುವಾಗ, ಬಟ್ಟೆ ಒಣಗಿಸುವಾಗ, ಕೈ ಬೇಕಂತಲೇ ಜೋರಾಗಿ ಆಡಿಸುತ್ತಿದ್ದೆ. ಅವನು ಹೇಳಿದ ಅಂತ.

ಕೊನೆಗೆ ಮಲ್ಲೇಶ್ವರದಲ್ಲಿ ಒಬ್ಬ ಹಿರಿಯ ರಿಪೇರಿಯವರ ಹತ್ತಿರ ಹೋದೆ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಮುಚ್ಚಳ ತೆಗೆದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ವಾಚನ್ನು ನನ್ನ ಕಡೆ ತಿರುಗಿಸಿ, "ಇದ್ರಲ್ಲಿ ರೋಟರ್ ಎಲ್ಲಿದೆಯಮ್ಮಾ? ಇದು ಕೀ ಕೊಡೋ ವಾಚು" ಅಂದರು.

ಮಾತೇ ಹೊರಡಲಿಲ್ಲ. ಹತ್ತು ದಿನ ಕೈ ಆಡಿಸಿದ್ದೆಲ್ಲ ಕಣ್ಣ ಮುಂದೆ ಬಂತು. ರೋಟರೇ ಇಲ್ಲದ ವಾಚಿಗೆ ಹತ್ತು ದಿನ ಕೈ ಆಡಿಸಿದ್ದೆ.

ಮಷೀನ್ ಮೇಲೆ 625 ಅಂತ ಕೆತ್ತಿತ್ತು. 1955ರ ಲೇಡಿಮ್ಯಾಟಿಕ್ ಆಗಿದ್ದರೆ 455 ಇರಬೇಕಿತ್ತು. ಸೀರಿಯಲ್ ನಂಬರ್ ಮೂರೂವರೆ ಕೋಟಿ ದಾಟಿತ್ತು, ಅಂದರೆ 1970ರ ದಶಕದ್ದು. 1955ರ ಸುಮಾರಿಗೆ ಒಮೆಗಾ ನಂಬರ್ ಒಂದೂವರೆ ಕೋಟಿಯನ್ನೇ ಮುಟ್ಟುತ್ತಿತ್ತು. ಮಾಮೂಲಿ ಲೇಡೀಸ್ ಒಮೆಗಾ ತಂದು, ಡಯಲ್ ಉಜ್ಜಿ, ಹೊಸದಾಗಿ ಬಣ್ಣ ಹಾಕಿ ಅಕ್ಷರ ಒತ್ತಿದ್ದಾರೆ. ರಿಪೇರಿಯವರು ಭೂತಗನ್ನಡಿ ಕೊಟ್ಟು ನನಗೇ ತೋರಿಸಿದರು. ಕೆಳಗೆ ಸ್ವಿಸ್ ಮೇಡ್ ಅನ್ನುವ ಅಕ್ಷರ ಸೊಟ್ಟ, ಶಾಯಿ ಅಂಚಿನಲ್ಲಿ ಒಂಚೂರು ಹರಡಿದೆ. ಬರಿಗಣ್ಣಿಗೆ ಗೊತ್ತೇ ಆಗುವುದಿಲ್ಲ. ಹೀಗೆ ಬಣ್ಣ ಬಳಿದ ವಾಚುಗಳಿಗೆ ಸಂಗ್ರಹಕಾರರು ಮುಂಬೈ ಸ್ಪೆಷಲ್ ಅನ್ನುತ್ತಾರೆ. ಈ ಹೆಸರು ನನಗೂ ಗೊತ್ತಿತ್ತು. ಗೊತ್ತಿದ್ದೂ ಮೋಸ ಹೋದೆ.

ಮಾರಿದವನಿಗೆ ಫೋನ್ ಮಾಡಿದೆ. ಅಕ್ಕಾ ಹೋಗಿ ಮೇಡಂ ಆಗಿತ್ತು. "ಒಮೆಗಾ ತಾನೇ ಮೇಡಂ? ಡೂಪ್ಲಿಕೇಟ್ ಕೊಟ್ನಾ?" ಅಂದ. ಆಟೋಮ್ಯಾಟಿಕ್ ಅಂತ ಯಾಕೆ ಹೇಳಿದೆ ಅಂದರೆ, "ಡಯಲ್ ಮೇಲೆ ಇದ್ದಿದ್ದನ್ನ ಹೇಳ್ದೆ" ಅಂದ. ಡಯಲ್ ಮೇಲೆ ಬರೆಸಿದವರು ಯಾರು ಹಾಗಾದರೆ? ಫೋಟೋದಲ್ಲಿ ರೋಟರ್ ಇತ್ತಲ್ಲ ಅಂದೆ. "ಮಷೀನ್ ನೀವೇ ಬದಲಾಯಿಸಿ ನನ್ನ ಮೇಲೆ ಹೇಳ್ತಿದೀರಾ?"

ನಾನು! ಅಷ್ಟಕ್ಕೇ ನಂಬರ್ ಬ್ಲಾಕ್ ಮಾಡಿದ. 68 ಸಾವಿರ ಹೋಗಿದ್ದಕ್ಕಿಂತ ಆ ಒಂದು ಮಾತು ಜಾಸ್ತಿ ಉರಿಯುತ್ತಿದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ಏನೂ ಆಗಿಲ್ಲ ಇನ್ನೂ.

ಫೋಟೋ ನಂಬಬೇಡಿ. ಮುಚ್ಚಳ ತೆಗೆದ ವಿಡಿಯೋ ಕೇಳಿ, ಪಕ್ಕದಲ್ಲಿ ಇವತ್ತಿನ ದಿನಪತ್ರಿಕೆ ಇಡಲು ಹೇಳಿ, ಮಷೀನ್ ನಂಬರ್ ಓದಿಸಿ. ಆಮೇಲೆ ಮುಚ್ಚಳ ಹಾಕಿ ವಾಚನ್ನು ತಿರುಗಿಸಿ ತೋರಿಸುವ ತನಕ ವಿಡಿಯೋ ನಿಲ್ಲಿಸಬಾರದು ಅನ್ನಿ. ಇಷ್ಟು ಕೇಳಿದರೆ ಕೋಪ ಮಾಡಿಕೊಳ್ಳುವವನ ಹತ್ತಿರ ಕೊಳ್ಳಲೇ ಬೇಡಿ. ಮುಖ್ಯವಾಗಿ, ವಾಚ್ ಕೈಗೆ ಬಂದು ರಿಪೇರಿಯವರಿಗೆ ತೋರಿಸುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಎಷ್ಟು ಸಲ ಅಕ್ಕಾ ಅಂದರೂ.

ನಿನ್ನೆ ಕಂಡಿದ್ದು ಏನು ಅಂದರೆ, ಅದೇ ಫೋಟೋ ಬೇರೆ ಹೆಸರಲ್ಲಿ ಮತ್ತೆ ಮಾರಾಟಕ್ಕಿದೆ. ಕಂದು ಬಣ್ಣದ ಬೆಲ್ಟು, ನೀಲಿ ಮಖಮಲ್ಲಿನ ಬಟ್ಟೆ, ಗಾಜಿನ ಮೇಲೆ ನಾಲ್ಕು ಗಂಟೆ ಹತ್ತಿರ ಸಣ್ಣ ಗೀರು. ನನಗೆ ಬಂದ ವಾಚಿನಲ್ಲಿ ಆ ಗೀರೇ ಇರಲಿಲ್ಲ, ಆಗ ಗಮನಿಸಿರಲಿಲ್ಲ. ಈಗ 82 ಸಾವಿರ ಕೇಳುತ್ತಿದ್ದಾನೆ. ಅಜ್ಜಿ ಕಟ್ಟಿದ್ದ ವಾಚಂತೆ.