ಹಳೆಯ ಫಿಯೆಟ್ಟಿಗೆ ಬ್ಯಾಟರಿ ಕೂರಿಸುವ ಮೊದಲು ಕೇಳಬೇಕಾದ ಕಾಗದಪತ್ರ

ಕಳೆದ ತಿಂಗಳು ಆಲ್ದೂರಿನ ಕಡೆಯ ಬೆಳೆಗಾರರೊಬ್ಬರು ಫೋನ್ ಮಾಡಿ, ತಮ್ಮ ಕಾರ್ ಶೆಡ್ಡಿನಲ್ಲಿರುವ ಹಳೆಯ ಅಂಬಾಸಿಡರ್ ಕಾರಿಗೆ ಬ್ಯಾಟರಿ ಮತ್ತು ಮೋಟಾರು ಹಾಕಿಸಬೇಕೆಂದಿದ್ದೇನೆ, ನೀವು ಹಾಕಿಸಿದ ಗ್ಯಾರೇಜಿನ ವಿಳಾಸ ಕೊಡಿ ಎಂದು ಕೇಳಿದರು. ಹೀಗೆ ಕೇಳಿದವರಲ್ಲಿ ಅವರು ಮೂರನೆಯವರು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ವಿವರಿಸುವ ಬದಲು, ಅಪ್ಪನ ಕಾರಿಗೆ ಆದದ್ದನ್ನು, ಅದಕ್ಕಿಂತ ಹೆಚ್ಚಾಗಿ ಚಾರ್ಮಾಡಿ ಘಾಟಿಯಲ್ಲಿ ನನಗೂ ಅಮ್ಮನಿಗೂ ಆಗಬಹುದಾಗಿದ್ದುದನ್ನು, ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಗ್ಯಾರೇಜಿನ ಹೆಸರನ್ನು ಬರೆಯುವುದಿಲ್ಲ. ಇಂಥ ಭರವಸೆ ಕೊಡುವ ಗ್ಯಾರೇಜುಗಳು ಈಗ ಹಲವು ಇವೆ, ಎಚ್ಚರಿಕೆ ಎಲ್ಲದಕ್ಕೂ ಅನ್ವಯಿಸುತ್ತದೆ.

ನಮ್ಮದು 1971ರ ಫಿಯೆಟ್ 1100 ಡಿಲೈಟ್. ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ 1964ರಿಂದ ಈ ಹೆಸರಿನಲ್ಲಿ ತಯಾರಿಸಿ, 1974ರ ನಂತರ ಪ್ರೀಮಿಯರ್ ಪದ್ಮಿನಿ ಎಂದು ಮಾರಿದ ಅದೇ ಕಾರು. 1089 ಸಿಸಿ ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರ್ ಕಡ್ಡಿ. ಅಪ್ಪ ಅದನ್ನು 1979ರಲ್ಲಿ ಎಸ್ಟೇಟ್ ರೈಟರೊಬ್ಬರಿಂದ ಕೊಂಡಿದ್ದರು. 2020ರಲ್ಲಿ ಅಪ್ಪ ತೀರಿಕೊಂಡ ಮೇಲೆ ಕಾರು ಶೆಡ್ಡಿನಲ್ಲೇ ನಿಂತಿತು. ಕಾರ್ಬುರೇಟರ್ ತೊಂದರೆ ಕೊಡುತ್ತಿತ್ತು, ಪೆಟ್ರೋಲ್ ಪಂಪ್ ಬಿಸಿಯಾದರೆ ಏರಿನಲ್ಲಿ ಗಾಡಿ ನಿಲ್ಲುತ್ತಿತ್ತು. ಆದರೂ ಅದು ಓಡುವ ಕಾರಾಗಿತ್ತು ಎಂಬುದನ್ನು ನಾನು ಈಗ ನೋವಿನಿಂದಲೇ ನೆನೆಯುತ್ತೇನೆ. ನಮ್ಮೂರು ಚಿಕ್ಕಮಗಳೂರಿನ ಹಳೆಯ ಮೆಕ್ಯಾನಿಕ್, "ಮೇಷ್ಟ್ರೇ, ಮೂವತ್ತು ನಲವತ್ತು ಸಾವಿರ ಖರ್ಚು ಮಾಡಿದರೆ ಇನ್ನೂ ಹತ್ತು ವರ್ಷ ಚಿಂತೆಯಿಲ್ಲ" ಎಂದಿದ್ದರು. ಅವರ ಮಾತನ್ನು ಬಿಟ್ಟು, ಬೆಂಗಳೂರಿನ ಹೊರವಲಯದ ಗ್ಯಾರೇಜೊಂದರ ಮಾತನ್ನು ನಂಬಿದೆ.

ಅವರು ಹೇಳಿದ್ದು ಇಷ್ಟು: 5.8 ಲಕ್ಷ ರೂಪಾಯಿ, ಮೂರು ತಿಂಗಳು, 15 ಯೂನಿಟ್ಟಿನ ಹೊಸ ಲಿಥಿಯಂ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ 200 ಕಿಲೋಮೀಟರ್. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ ಮತ್ತು ಬ್ಯಾಟರಿಯ ಯೂನಿಟ್ ಒಂದೇ, ಅಂದರೆ ಒಂದು ಕಿಲೋವ್ಯಾಟ್-ಗಂಟೆ. ಈ ಲೆಕ್ಕವನ್ನು ಆಗಲೇ ಹಾಕಿದ್ದರೆ ಮೋಸ ಅಲ್ಲೇ ಕಾಣುತ್ತಿತ್ತು. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಬಳಿ ಟಾಟಾ ನೆಕ್ಸಾನ್ ಇವಿ ಇದೆ. 2020ರಲ್ಲಿ ಬಂದ ಆ ಮಾದರಿಯ ಬ್ಯಾಟರಿ 30.2 ಯೂನಿಟ್ಟಿನದು, ಕಂಪನಿ ಹೇಳುವ ಪರೀಕ್ಷೆಯ ದೂರ 312 ಕಿಲೋಮೀಟರ್, ನಮ್ಮ ಏರಿಳಿತದ ರಸ್ತೆಯಲ್ಲಿ ಅವರಿಗೆ ಸಿಗುವುದು ಸುಮಾರು 200. ಕಂಪನಿಯೇ ವಿದ್ಯುತ್ ವಾಹನವಾಗಿ ತಯಾರಿಸಿದ ಕಾರು ಅಷ್ಟು ದೊಡ್ಡ ಬ್ಯಾಟರಿಯಲ್ಲಿ ಹೋಗುವ ದೂರವನ್ನು, ಗಾಳಿಯನ್ನು ಎದೆಯಲ್ಲೇ ಎದುರಿಸುವ ಚೌಕಾಕಾರದ ಹಳೆಯ ಫಿಯೆಟ್ ಅದರ ಅರ್ಧದಷ್ಟು ಬ್ಯಾಟರಿಯಲ್ಲಿ ಹೋಗುತ್ತದೆಂದರೆ ಅದು ಸಾಧ್ಯವಿಲ್ಲದ ಮಾತು. ಎಲ್ಲವೂ ಸರಿಯಾಗಿದ್ದರೂ ನೂರು ಕಿಲೋಮೀಟರ್ ದಾಟುವಂತಿರಲಿಲ್ಲ.

ಕಾಗದಪತ್ರದ ವಿಷಯದಲ್ಲಿ ನಾನು ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ನೋಂದಣಿ ಪುಸ್ತಕದಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾಲೀಕರು ತಮ್ಮಿಷ್ಟಕ್ಕೆ ಬದಲಾಯಿಸುವಂತಿಲ್ಲ. ವಿದ್ಯುತ್ತಿಗೆ ಪರಿವರ್ತಿಸಲು ದಾರಿ ಇದೆ. ಆದರೆ ಆ ಕಿಟ್, ಎಐಎಸ್ 123 ಎಂಬ ಮಾನದಂಡದಂತೆ ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಯಲ್ಲಿ ಪಾಸಾಗಿ ಅನುಮೋದನೆ ಪಡೆದಿರಬೇಕು, ಆ ಅನುಮೋದನೆ ನಿಮ್ಮ ಕಾರಿನ ಮಾದರಿಗೆ ಅನ್ವಯಿಸುವಂತಿರಬೇಕು, ಕೂರಿಸಿದ ಮೇಲೆ ಆರ್‌ಟಿಒ ಕಚೇರಿಯಲ್ಲಿ ಇಂಧನದ ವಿವರ ಬದಲಾಗಬೇಕು. ನನಗೆ ತೋರಿಸಿದ್ದು ಮೊಹರು, ಸಹಿ ಎಲ್ಲವೂ ಇದ್ದ ನಾಲ್ಕು ಪುಟಗಳ ಒಂದು ವರದಿ. ಅದನ್ನು ನಾನು ಓದಿದ್ದು ಒಂದೂವರೆ ವರ್ಷದ ನಂತರ. ಅದು ಆಟೊರಿಕ್ಷಾಕ್ಕೆಂದು ತಯಾರಾದ ಮೋಟಾರಿನ ಪರೀಕ್ಷಾ ವರದಿಯಾಗಿತ್ತು. ಕಾರು ಎಂಬ ಪದವೇ ಅದರಲ್ಲಿರಲಿಲ್ಲ.

2022ರ ನವೆಂಬರಿನಲ್ಲಿ 3.5 ಲಕ್ಷ ಮುಂಗಡ ಕೊಟ್ಟು ಕಾರು ಬಿಟ್ಟು ಬಂದೆ. ಮೂರು ತಿಂಗಳು ಒಂಬತ್ತಾಯಿತು. ಆಗಸ್ಟಿನಲ್ಲಿ ಕಾರು ತರಲು ಹೋದಾಗ ಎಂಜಿನ್ ಎಲ್ಲಿ ಎಂದು ಕೇಳಿದೆ. "ಜಾಗ ಇರಲಿಲ್ಲ ಸಾರ್, ಗುಜರಿಗೆ ಹಾಕಿದೆವು" ಎಂದರು. ಅಪ್ಪ ಪ್ರತಿ ಯುಗಾದಿಗೆ ಎಣ್ಣೆ ಬದಲಾಯಿಸಿ, ಬಾನೆಟ್ ಎತ್ತಿ ಕುಂಕುಮ ಇಡುತ್ತಿದ್ದ ಎಂಜಿನ್ ಅದು. ಬಾಕಿ ಹಣ ಕೊಡದೆ ಹೊರಟರೆ ಕಾರೂ ಸಿಗುವುದಿಲ್ಲವೆಂಬ ಭಯದಿಂದ ಹಣ ಕೊಟ್ಟು ಬಂದೆ.

ಮನೆಗೆ ತಂದ ಮೇಲೆ ಡಿಕ್ಕಿ ತೆರೆದು ನೋಡಿದ್ದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವು ಹಣ ಕೊಡುವ ಮೊದಲು ನೋಡಬೇಕಾದ ಜಾಗ ಇದೇ. ಸ್ಪೇರ್ ಟೈರ್ ಇದ್ದ ಕಡೆ ಕಬ್ಬಿಣದ ಹಾಳೆಯಲ್ಲಿ ಮಾಡಿದ ಪೆಟ್ಟಿಗೆ, ಅದರೊಳಗೆ ನೀಲಿ ಹೊದಿಕೆಯ 48 ಸೆಲ್‌ಗಳು. ಪ್ರತಿ ಸೆಲ್ಲಿನ ತಲೆಯ ಮೇಲೆ ಇರಬೇಕಾದ, ಅದರ ತಯಾರಿಕೆಯ ವಿವರ ಹೇಳುವ ಚೌಕದ ಕೋಡನ್ನು ಉಜ್ಜಿ ಅಳಿಸಲಾಗಿತ್ತು. ಕೆಲವದರ ಹೊಟ್ಟೆ ಬೆರಳಿಗೆ ತಿಳಿಯುವಷ್ಟು ಉಬ್ಬಿತ್ತು. ಪೆಟ್ಟಿಗೆಯನ್ನು ಚಾಸಿಗೆ ಬೋಲ್ಟ್ ಹಾಕದೆ, ಲಾರಿಗೆ ಸಾಮಾನು ಬಿಗಿಯುವ ಪಟ್ಟಿಯಿಂದ ಎಳೆದು ಕಟ್ಟಿದ್ದರು. 60 ವೋಲ್ಟ್ ಮೀರಿದ ಡಿಸಿ ವಿದ್ಯುತ್ ಹರಿಯುವ ಕೇಬಲ್ಲಿಗೆ ಕಿತ್ತಳೆ ಬಣ್ಣದ ಹೊದಿಕೆ ಇರಬೇಕು. ಇಲ್ಲಿದ್ದದ್ದು ವೆಲ್ಡಿಂಗಿಗೆ ಬಳಸುವ ಕಪ್ಪು ಕೇಬಲ್. ಅದು ಡಿಕ್ಕಿಯ ತಗಡಿನ ಅಂಚಿಗೆ ತಾಗುವಲ್ಲಿ ರಬ್ಬರ್ ಬುಷ್ ಇಲ್ಲದೆ ಬರಿ ಇನ್ಸುಲೇಷನ್ ಟೇಪ್ ಸುತ್ತಿದ್ದರು, ಬೆಂಗಳೂರಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಆ ಟೇಪ್ ಸವೆದು ಒಳಗಿನ ಹೊದಿಕೆ ಹೊಳೆಯುತ್ತಿತ್ತು. ಆ ಅಂಚು ಇನ್ನೊಂದೆರಡು ತಿಂಗಳು ಕೇಬಲ್ಲನ್ನು ಉಜ್ಜಿದ್ದರೆ ಏನಾಗುತ್ತಿತ್ತೆಂದು ನಮ್ಮ ಎಲೆಕ್ಟ್ರಿಷಿಯನ್ ಹೇಳಿದಾಗ ಅಮ್ಮ ಒಳಗೆ ಎದ್ದುಹೋದರು. ಅದನ್ನು ಅವತ್ತೇ ಸರಿ ಮಾಡಿಸಿದೆವು.

ಸೆಪ್ಟೆಂಬರಿನಲ್ಲಿ ಹಾಸನಕ್ಕೆ ಹೊರಟೆ. ಬೇಲೂರಿನ ಮೇಲೆ ಹೋದರೆ ಸುಮಾರು 60 ಕಿಲೋಮೀಟರ್. ಹಗರೆ ದಾಟಿದ ಮೇಲೆ ಮುಳ್ಳು ಕೆಂಪಿಗೆ ಬಂದು ಗಾಡಿ ನಿಂತೇಹೋಯಿತು. ಮರುದಿನ ಕಾರನ್ನು ಮನೆಗೆ ಎಳೆದು ತಂದು, ಚಾರ್ಜಿಗೆ ಹಾಕುವ ಮುನ್ನ ಮೆಸ್ಕಾಂ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆದು, ಮನೆಯ ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ, ಪೂರ್ತಿ ಚಾರ್ಜ್ ಆದ ಮೇಲೆ ಮತ್ತೆ ಓದಿದೆ. ವ್ಯತ್ಯಾಸ 10.9 ಯೂನಿಟ್. ಚಾರ್ಜರಿನಲ್ಲಿ ಶಾಖವಾಗಿ ಹೋಗುವ ಪಾಲನ್ನು ಕಳೆದರೆ ಬ್ಯಾಟರಿಯೊಳಗೆ ಹೋದದ್ದು ಹತ್ತು ಯೂನಿಟ್ಟಿಗಿಂತ ಕಡಿಮೆ. 15 ಯೂನಿಟ್ಟಿನ ಹೊಸ ಬ್ಯಾಟರಿ ಎಂದು ಕೊಟ್ಟದ್ದು, ಬೇರೆ ಎಲ್ಲೋ ದುಡಿದು ಸವೆದ ಹಳೆಯ ಸೆಲ್‌ಗಳು. ಯಾವ ಉಪಕರಣವೂ ಇಲ್ಲದೆ ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಇದು: ಬ್ಯಾಟರಿಯನ್ನು ಪೂರ್ತಿ ಖಾಲಿಯಾಗುವವರೆಗೆ ಓಡಿಸಿ, ಮೀಟರ್ ನೋಡಿಕೊಂಡು ತುಂಬಿಸಿ. ಬಾಕಿ ಹಣ ಕೊಡುವ ಮೊದಲು ಗ್ಯಾರೇಜಿನಲ್ಲೇ ಮಾಡಿಸಿ.

ಈಗ ಚಾರ್ಮಾಡಿ. ಡಿಸೆಂಬರಿನಲ್ಲಿ ಅಮ್ಮ ಧರ್ಮಸ್ಥಳಕ್ಕೆ ಹೋಗಬೇಕೆಂದರು. ಕೊಟ್ಟಿಗೆಹಾರದಲ್ಲಿ ಅತ್ತೆಯ ಮನೆಯಿದೆ. ರಾತ್ರಿ ಅಲ್ಲಿ ತಂಗಿ, ಬ್ಯಾಟರಿ ಪೂರ್ತಿ ತುಂಬಿಸಿ, ಬೆಳಿಗ್ಗೆ ಘಾಟಿ ಇಳಿಯುವುದೆಂದು ನಿಶ್ಚಯಿಸಿದೆವು. ಇಳಿಜಾರಾದ್ದರಿಂದ ಚಾರ್ಜ್ ಹೆಚ್ಚು ಬೇಕಾಗುವುದಿಲ್ಲ, ಬ್ರೇಕ್ ಹಿಡಿದಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ ಎಂದು ಗ್ಯಾರೇಜಿನವರು ಹೇಳಿದ್ದನ್ನು ನಂಬಿದ್ದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿಯಲಾಗದು ಎಂಬ ಸರಳ ಸಂಗತಿ ನನಗೆ ಹೊಳೆಯಲಿಲ್ಲ. ಘಾಟಿಯ ಮೊದಲ ಕೆಲವು ತಿರುವುಗಳಲ್ಲಿ ಮೋಟಾರು ವಿದ್ಯುತ್ ಹುಟ್ಟಿಸುತ್ತ ಗಾಡಿಯನ್ನು ಚೆನ್ನಾಗಿಯೇ ಹಿಡಿಯಿತು. ಈ ಬಗೆಯ ಸೆಲ್ ತಡೆದುಕೊಳ್ಳುವುದು 3.65 ವೋಲ್ಟಿನವರೆಗೆ, ಎರಡೆರಡಾಗಿ ಜೋಡಿಸಿದ 48 ಸೆಲ್‌ಗಳ ಇಪ್ಪತ್ತನಾಲ್ಕರ ಸರಣಿಗೆ 87.6 ವೋಲ್ಟ್. ಇಳಿಜಾರಿನಿಂದ ಬಂದ ವಿದ್ಯುತ್ ಆ ಮಿತಿ ಮುಟ್ಟಿದ ಕ್ಷಣವೇ ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಇಡೀ ಬ್ಯಾಟರಿಯನ್ನು ಕಡಿದುಹಾಕಿತು. ಡಿಕ್ಕಿಯಿಂದ ಟಕ್ ಎಂಬ ಶಬ್ದ ಕೇಳಿತು, ಗಾಡಿ ಹಗ್ಗ ಬಿಚ್ಚಿದಂತೆ ಮುಂದಕ್ಕೆ ಜಾರಿತು.

"ಹತ್ತುವ ಗೇರಿನಲ್ಲೇ ಇಳೀಬೇಕು ಕಣೋ" ಎಂದು ಅಪ್ಪ ಹೇಳಿಕೊಟ್ಟಿದ್ದರು. ಎರಡನೇ ಗೇರಿನಲ್ಲೇ ಇದ್ದೆ. ಆದರೆ ಗೇರಿನ ಆಚೆ ಎಂಜಿನ್ ಇರಲಿಲ್ಲ, ಇದ್ದ ಮೋಟಾರು ವಿದ್ಯುತ್ ಕಡಿದುಹೋಗಿ ತಡೆಯಿಲ್ಲದೆ ತಿರುಗುತ್ತಿತ್ತು. ಉಳಿದದ್ದು ನಾಲ್ಕೂ ಚಕ್ರದ ಹಳೆಯ ಡ್ರಮ್ ಬ್ರೇಕುಗಳು. ಮೂಲತಃ ಸುಮಾರು 900 ಕಿಲೋ ತೂಗುತ್ತಿದ್ದ ಈ ಕಾರು, ಕಾಫಿ ತೂಗುವ ವೇಬ್ರಿಜ್ಜಿನಲ್ಲಿ ಆಮೇಲೆ ತೂಗಿಸಿದಾಗ 1,000 ಕಿಲೋ ಮೀರಿತ್ತು, ಅದರಲ್ಲೂ ಹಿಂಭಾಗಕ್ಕೇ ಭಾರ ಹೆಚ್ಚು. ಇಬ್ಬರು ಕುಳಿತ, ಸಾಮಾನು ತುಂಬಿದ ಅಂಥ ಗಾಡಿ ಪ್ರತಿ 100 ಮೀಟರ್ ಎತ್ತರ ಇಳಿಯುವಾಗಲೂ ಸುಮಾರು ಮೂರನೇ ಒಂದು ಯೂನಿಟ್ ಶಕ್ತಿಯನ್ನು ಎಲ್ಲಾದರೂ ಬಿಟ್ಟುಕೊಡಲೇಬೇಕು. ಅದೆಲ್ಲ ಶಾಖವಾಗಿ ಆ ನಾಲ್ಕು ಡ್ರಮ್ಮುಗಳೊಳಗೆ ಇಳಿಯಿತು. ಎರಡು ಕಿಲೋಮೀಟರ್ ಆಗುವಷ್ಟರಲ್ಲಿ ಪೆಡಲ್ ಮೆತ್ತಗಾಗಿ, ಲೈನಿಂಗ್ ಸುಟ್ಟ ವಾಸನೆ ಒಳಗೆ ತುಂಬಿತು. ಎದುರಿಗೆ ಸರ್ಕಾರಿ ಬಸ್ಸೊಂದು ಹತ್ತಿ ಬರುತ್ತಿತ್ತು. ಹ್ಯಾಂಡ್ ಬ್ರೇಕ್ ಎಳೆದು, ಕಣಿವೆಯ ಕಡೆಗಲ್ಲದೆ ಗುಡ್ಡದ ಕಡೆಯ ಚರಂಡಿಗೆ ಎಡಗಡೆಯ ಚಕ್ರಗಳನ್ನು ಇಳಿಸಿ, ಬಂಡೆಗೆ ಉಜ್ಜಿಸಿ ನಿಲ್ಲಿಸಿದೆ. ಅಮ್ಮನ ಮಣಿಕಟ್ಟು ಊದಿಕೊಂಡಿತು, ಬೇರೇನೂ ಆಗಲಿಲ್ಲ. ಬಸ್ಸಿನ ಡ್ರೈವರ್ ಇಳಿದು ಬಂದು ಅಮ್ಮನಿಗೆ ನೀರು ಕೊಟ್ಟರು.

ವಿಮೆಯವರು ಬಂದು ಬಾನೆಟ್ ಎತ್ತಿ ನೋಡಿದ ದಿನವೇ ಪರಿಹಾರ ಇಲ್ಲವೆಂದು ಹೇಳಿದರು. ಪಾಲಿಸಿಯಲ್ಲಿದ್ದದ್ದು ಪೆಟ್ರೋಲ್ ಕಾರು. ಒಂದು ವೇಳೆ ಎದುರಿಗೆ ಬಂದವರಿಗೆ ಪೆಟ್ಟಾಗಿದ್ದರೆ ಆ ಹೊಣೆಯೂ ನನ್ನ ಮೇಲೇ ಬರುವ ಸಂಭವವಿತ್ತು. ನೋಂದಣಿ ನವೀಕರಣಕ್ಕೆ ಹೋದಾಗ ಎಂಜಿನ್ ನಂಬರಿನ ಪೆನ್ಸಿಲ್ ಅಚ್ಚು ಕೇಳಿದರು. ಅಚ್ಚು ತೆಗೆಯಲು ಎಂಜಿನ್ನೇ ಇರಲಿಲ್ಲ.

ಇನ್ನೊಂದು ನಷ್ಟ ತಡವಾಗಿ ತಿಳಿಯಿತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ, 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ವಾಹನವನ್ನು 20,000 ರೂಪಾಯಿ ಶುಲ್ಕ ಕಟ್ಟಿ ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ. ನಮ್ಮ ಕಾರಿಗೆ ಆ ವರ್ಷವೇ 50 ತುಂಬಿತ್ತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಕೂಡ, ವಿದ್ಯುತ್ತಿಗೆ ಬದಲಾದ ಕಾರನ್ನು ತಾನು ಐತಿಹಾಸಿಕ ವಾಹನವೆಂದು ಪರಿಗಣಿಸುವುದಿಲ್ಲ, ಮಾಡುವವರು ಮತ್ತೆ ಹಿಂದಿನಂತೆ ಮಾಡಲು ಬರುವ ಹಾಗೆ ಮಾಡಿ ಮೂಲ ಭಾಗಗಳನ್ನೆಲ್ಲ ಕಾಪಾಡಿಟ್ಟುಕೊಳ್ಳಬೇಕು ಎಂದು 2019ರಲ್ಲೇ ಹೇಳಿತ್ತು. ಎಂಜಿನ್, ರೇಡಿಯೇಟರ್, ಪೆಟ್ರೋಲ್ ಟ್ಯಾಂಕ್ ಇವನ್ನು ಕೆಲಸ ಶುರುವಾಗುವ ದಿನವೇ ನಿಮ್ಮ ಮನೆಗೆ ತಂದಿಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಇದನ್ನು ಓದಿ ವಿದ್ಯುತ್ ವಾಹನವೇ ನಮ್ಮ ಮಲೆನಾಡಿಗೆ ಆಗದು ಎಂದು ಯಾರೂ ತಿಳಿಯಬಾರದು. ಸಹೋದ್ಯೋಗಿಯ ನೆಕ್ಸಾನ್ ದಿನವೂ ಮೂಡಿಗೆರೆಗೆ ಹೋಗಿ ಬರುತ್ತದೆ, ರಾತ್ರಿ 15 ಆಂಪಿಯರ್ ಪ್ಲಗ್ಗಿನಲ್ಲಿ ಚಾರ್ಜ್ ಆಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದ ತೋಟದ ಮನೆಗಳಲ್ಲಿ ಮಾತ್ರ ಮೊದಲೇ ಯೋಚಿಸಬೇಕು, ಅರ್ಥಿಂಗ್ ಸರಿಯಾಗಿ ಮಾಡಿಸಬೇಕು. ಊರಿನಿಂದ ಮುಳ್ಳಯ್ಯನಗಿರಿಯ ತುದಿ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಆ ಏರಿಕೆಗೇ ನನ್ನ ಕಾರಿನಂಥದ್ದಕ್ಕೆ ಮೂರು ಯೂನಿಟ್ ಬೇಕು. 30 ಯೂನಿಟ್ ಇರುವವರಿಗೆ ಅದು ಲೆಕ್ಕಕ್ಕಿಲ್ಲ, ಹತ್ತು ಯೂನಿಟ್ ಇರುವವರಿಗೆ ಮನೆಗೆ ಮರಳುವ ದಾರಿಯೇ ಇಲ್ಲವಾಗಬಹುದು. ಘಾಟಿ ಇಳಿಯುವವರು, ಕಂಪನಿಯ ಕಾರೇ ಆಗಿರಲಿ, ಮೇಲಿನ ಊರಿನಲ್ಲಿ ನೂರಕ್ಕೆ ನೂರು ತುಂಬಿಸದೆ ಎಂಬತ್ತಕ್ಕೆ ನಿಲ್ಲಿಸಿ ಹೊರಡುವುದು ಒಳ್ಳೆಯದು.

ಅಂಬಾಸಿಡರ್ ಇರುವ ಆ ಬೆಳೆಗಾರರಿಗೆ ನಾನು ಹೇಳಿದ್ದು, ಮೊದಲು ಅನುಮೋದನೆ ಪತ್ರದ ಪ್ರತಿ ಕೇಳಿ, ಅದರಲ್ಲಿ ನಿಮ್ಮ ಕಾರಿನ ಮಾದರಿಯ ಹೆಸರನ್ನು ನಿಮ್ಮ ಕಣ್ಣಿನಿಂದಲೇ ಓದಿ, ಅದನ್ನು ಹಿಡಿದುಕೊಂಡು ಆರ್‌ಟಿಒ ಕಚೇರಿಗೂ ವಿಮೆಯವರಲ್ಲಿಗೂ ಹೋಗಿ ಲಿಖಿತ ಉತ್ತರ ಪಡೆಯಿರಿ, ಅಲ್ಲಿಯವರೆಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ ಎಂದು. ಅವರು ಗ್ಯಾರೇಜೊಂದಕ್ಕೆ ಆ ಪತ್ರ ಕೇಳಿದ್ದಾರಂತೆ; ಎರಡು ವಾರವಾಯಿತು, ಕಳಿಸಿಲ್ಲ.

ನಮ್ಮ ಫಿಯೆಟ್ ಈಗ ಶೆಡ್ಡಿನಲ್ಲಿದೆ. ಬ್ಯಾಟರಿ ಪೆಟ್ಟಿಗೆಯನ್ನು ಬಿಚ್ಚಿ, ಮನೆಯಿಂದ ದೂರ ಕಣದ ಮೂಲೆಯಲ್ಲಿ ತಗಡಿನ ಕೆಳಗೆ ಇಟ್ಟಿದ್ದೇವೆ. ಹಳೆಯ ಮೆಕ್ಯಾನಿಕ್ ಹಾಸನದ ಗುಜರಿ ಅಂಗಡಿಯೊಂದರಲ್ಲಿ ಇದೇ 1089 ಸಿಸಿಯ ಎಂಜಿನ್ ಒಂದನ್ನು ನೋಡಿ ಬಂದಿದ್ದಾರೆ. ಅದರ ಮೂಲ ಮಾಲೀಕರ ದಾಖಲೆ ಸಿಕ್ಕರೆ ಮಾತ್ರ ಕೊಳ್ಳುವುದೆಂದು ತೀರ್ಮಾನಿಸಿ, ಬರುವ ಭಾನುವಾರ ಅವರೊಂದಿಗೆ ಹೋಗುತ್ತಿದ್ದೇನೆ.