ಕಾಲರ್ ಮೈಕ್: ಒಬ್ಬರ ಮಾತಿಗೆ ಸೈ, ಗುಂಪಿಗೆ ಅಷ್ಟಕ್ಕಷ್ಟೇ

ಸದ್ದಿಲ್ಲದ ಕೋಣೆಯಲ್ಲಿ ನನ್ನ ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದವರಿಗೆ ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ) ಬಗ್ಗೆ ತಕರಾರೇ ಇಲ್ಲ. ಜನ ಸೇರಿ ಕುರ್ಚಿ ಎಳೆದಾಡತೊಡಗಿದರೆ ಮಾತ್ರ ಎಲ್ಲ ಕಲಸಿಹೋಗುತ್ತದೆ. ಒಳಗಿವಿಯಲ್ಲಿ ಸದ್ದನ್ನು ನರಕ್ಕೆ ದಾಟಿಸುವ ಒಳಸಾಲಿನ ಸುಮಾರು 3,500 ಕೂದಲು ಕೋಶಗಳು ಮಾಡಬೇಕಾದ ಕೆಲಸವನ್ನು ನಮ್ಮಂಥವರಿಗೆ ನರಕ್ಕೆ ವಿದ್ಯುತ್ ಸಂಕೇತ ಕೊಡುವ 12ರಿಂದ 22 ಎಲೆಕ್ಟ್ರೋಡುಗಳು ಮಾಡಬೇಕು. ಗದ್ದಲದಿಂದ ಮಾತನ್ನು ಬಿಡಿಸಿಕೊಡುವಷ್ಟು ವಿವರ ಅವುಗಳಿಂದ ಸಿಗುವುದಿಲ್ಲ. ವಾಲ್ಯೂಮ್ ಏರಿಸಿದರೆ ಗದ್ದಲವೂ ಜೊತೆಗೇ ಏರುತ್ತದೆ.

ಅದಕ್ಕೇ ಈ ವೈರ್‌ಲೆಸ್ ಮೈಕ್ ತಗೊಂಡೆ. ಮಾತಾಡುವವರು ಕಾಲರಿಗೆ, ಬಾಯಿಂದ ಗೇಣು ದೂರದಲ್ಲಿ ಸಿಕ್ಕಿಸಿಕೊಂಡರೆ ದನಿ ನೇರ ಪ್ರೊಸೆಸರಿಗೆ, ಅಂದರೆ ಇಂಪ್ಲಾಂಟಿಗೆ ಸದ್ದು ಕಳಿಸುವ ಹೊರಗಿನ ಭಾಗಕ್ಕೆ, ಬರುತ್ತದೆ. ಬಯಲಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಗೇಣಿಂದ ಎಂಟು ಗೇಣಿಗೆ ಹೋದರೆ 18 ಡೆಸಿಬೆಲ್ ಹೋಯಿತು. ಮೈಕ್ ಉಳಿಸಿಕೊಡುವುದು ಅದನ್ನೇ.

ಕಾರಿನಲ್ಲಿ ಇದರ ತಾಕತ್ತು ಗೊತ್ತಾಯಿತು. ಅಕ್ಕ ಡ್ರೈವ್ ಮಾಡುತ್ತಿದ್ದಳು, ನಾನು ಹಿಂದಿನ ಸೀಟಿನಲ್ಲಿದ್ದೆ, ಕಿಟಕಿ ತೆರೆದಿತ್ತು. ಪಕ್ಕದಲ್ಲೇ ಲಾರಿ ಹೋಗುತ್ತಿರುವಾಗ "ಬಾಗಿಲು ಸರಿಯಾಗಿ ಹಾಕಿದ್ದೀಯಾ ನೋಡು" ಅಂದಳು. ತುಟಿ ನೋಡದೆ ತಿಳಿಯಿತು! ಆದರೆ ಇಳಿದ ಮೇಲೆ ಮೈಕ್ ಹಾಕಿಕೊಂಡೇ ಅತ್ತ ಹೋಗಿ ಗೆಳತಿಗೆ ಫೋನ್ ಮಾಡಿದಳು. ನನ್ನ ಬಗ್ಗೆ ಹೇಳಿದ್ದೆಲ್ಲ ಚೆನ್ನಾಗಿ ಕೇಳಿಸಿತು. ಮ್ಯೂಟ್ ಬಟನ್ ಇದೆ, ಒತ್ತಬೇಕಲ್ವಾ?

ಶಾಲು, ಸರ ತಾಗಿದರೆ ಕರಕರ ಸದ್ದು ಬರುತ್ತದೆ. ಮೇಜಿನ ಮೇಲೆ ಮಲಗಿಸಿಟ್ಟರೆ ಸುತ್ತಲಿನವರ ಮಾತೂ ಸಿಗುತ್ತದೆ ಅನ್ನುತ್ತಾರೆ. ಸಿಗುತ್ತದೆ, ಲೋಟ ಇಡುವ ಸದ್ದೂ ಅಷ್ಟೇ ಜೋರಾಗಿ ಸಿಗುತ್ತದೆ. ನಾಲ್ಕೈದು ಜನ ಇದ್ದರೆ ಮೈಕನ್ನು ಕೈಯಿಂದ ಕೈಗೆ ದಾಟಿಸುವುದೇ ವಾಸಿ. ಕೆಲವರಿಗೆ ಮುಜುಗರ, ಇರಲಿ.

ತಂದ ಹೊಸದರಲ್ಲಿ ಇಷ್ಟು ಉಪಯೋಗ ಕಾಣಲಿಲ್ಲ. ಪ್ರೊಸೆಸರಿನ ಸ್ವಂತ ಮೈಕೂ ಇದೂ ಸಮಸಮ ಬೆರೆಯುತ್ತಿದ್ದವು. ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಮಿಕ್ಸಿಂಗ್ ಬದಲಿಸಿ ಇದರ ಪಾಲು ಜಾಸ್ತಿ ಮಾಡಿದ ಮೇಲೆ ಮಾತು ಎದ್ದು ಬಂತು. ಸ್ವಂತ ಮೈಕನ್ನು ಪೂರ್ತಿ ಆರಿಸುವುದು ಬೇಡ ಅಂದೆ. ಪಕ್ಕದವರು ಕರೆದದ್ದು, ಹಿಂದಿನಿಂದ ಗಾಡಿ ಬಂದದ್ದು ತಿಳಿಯಬೇಕಲ್ಲ.

ಇಬ್ಬರೇ ಎದುರುಬದುರು ಕೂತಾಗ ನಾನು ಇದನ್ನು ಹೊರಗೆ ತೆಗೆಯುವುದೇ ಕಡಿಮೆ. ಗದ್ದಲಕ್ಕೆ ಬೆನ್ನು ಕೊಟ್ಟು ಕೂತು, ಪ್ರೊಸೆಸರನ್ನು ಮುಂದಿನ ಸದ್ದಷ್ಟೇ ಹಿಡಿಯುವ ಪ್ರೋಗ್ರಾಮಿಗೆ ಹಾಕಿದರೆ ಸುಮಾರಾಗಿ ಸಾಕಾಗುತ್ತದೆ. ಕ್ಲಾಸು, ಮೀಟಿಂಗು, ಕಾರು ಜಾಸ್ತಿ ಇರುವವರು ಧಾರಾಳವಾಗಿ ತಗೊಳ್ಳಬಹುದು. ಎಲ್ಲ ಮೈಕೂ ಎಲ್ಲ ಪ್ರೊಸೆಸರಿಗೂ ಹೊಂದುವುದಿಲ್ಲ, ಮಾಡೆಲ್ ನಂಬರ್ ತೋರಿಸಿ ಕೇಳಿಕೊಂಡೇ ದುಡ್ಡು ಕೊಡಿ.